ಪೌರುಷಹಾನಿಯೆಂಬ ಅಪವಾದ

ಗಂಡಸರ ಸಂತಾನಶಕ್ತಿಹರಣ ಚಿಕಿತ್ಸೆಯಾದ ವ್ಯಾಸೆಕ್ಟಮಿಯನ್ನು ಮಾಡಿಸಿಕೊಂಡ ಪುರುಷನು ದಾಂಪತ್ಯಸುಖಕ್ಕೆ ಎರವಾಗುತ್ತಾನೆ, ಅವನ ಕಾಮನೆ ಕುಂದುತ್ತದೆ, ಇಂದ್ರಿಯವು ನಿಮಿರುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ತೋಳಿನ ಕಸುವು ಇಳಿದು ಅವನು ನೇಗಿಲು ಹಿಡಿಯುವುದಕ್ಕಾಗಲಿ ಮೂಟೆ ಹೊರುವುದಕ್ಕಾಗಲಿ ಒದಗದವನಾಗುತ್ತಾನೆ ಎಂಬ ನಂಬಿಕೆಯು ನಮ್ಮ ನಾಡಿನಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂದರೆ, ಜನರು ಅದನ್ನೊಂದು ನಂಬಿಕೆಯೆಂದು ಕೂಡ ಎಣಿಸದೆ ಸ್ವತಃಸಿದ್ಧವಾದ ಸಂಗತಿಯೆಂದೇ ಅಂಗೀಕರಿಸಿಬಿಟ್ಟಿದ್ದಾರೆ. ಅಕ್ಷರವರಿಯದವರು ಮಾತ್ರ ಹೀಗೆ ಭಾವಿಸುವರೆಂದು ಹೇಳುವಂತಿಲ್ಲ. ಪದವಿ ಪಡೆದವರೂ, ಮಕ್ಕಳಿಗೆ ವಿಜ್ಞಾನ ಬೋಧಿಸುವವರೂ, ಕಚೇರಿಗಳಲ್ಲಿ ಅಧಿಕಾರ ನಡೆಸುವವರೂ ಹೆಂಡತಿಯ ಎರಡನೆಯ ಹೆರಿಗೆಯಾಗುತ್ತಲೇ ‘ಅವಳಿಗೇ ಆಪರೇಷನ್ ಮಾಡಿಬಿಡಿ ಡಾಕ್ಟರೇ, ನಾವು ಹೊರಗೆ ದುಡಿಯೋ ಜನ’ ಎಂದು ಹೇಳಿ ಕಾಗದಕ್ಕೆ ರುಜು ಹಾಕುವುದನ್ನು ಯಾವ ಹೆರಿಗೆ ಆಸ್ಪತ್ರೆಯಲ್ಲಾದರೂ ಕಾಣಬಹುದು. ಈ ನಂಬಿಕೆ ಸುಳ್ಳು. ಈ ಶಸ್ತ್ರಕ್ರಿಯೆಗೆ ತನ್ನವೇ ಆದ ತೊಡಕುಗಳಿಲ್ಲವೆಂದಲ್ಲ. ಅವುಗಳನ್ನು ಮರೆಮಾಚದೆ ಮುಂದೆ ಹೇಳುವೆನು. ಆದರೆ ಪೌರುಷಹಾನಿಯು ಅವುಗಳಲ್ಲಿ ಸೇರಿದುದಲ್ಲ. ಶರೀರಶಾಸ್ತ್ರವು ಅಲ್ಲಗಳೆದಿರುವ, ಇನ್ನೂರು ವರ್ಷಗಳ ಪ್ರಯೋಗಾನುಭವವು ಅಲ್ಲಗಳೆದಿರುವ ಈ ಮಾತು ಇನ್ನೂ ಜೀವಂತವಾಗಿ ಉಳಿದಿರುವುದಕ್ಕೆ ಕಾರಣ, ಇಂಥ ವಿಷಯವನ್ನು ಬಾಯಿಬಿಟ್ಟು ಆಡುವುದು ಅಸಭ್ಯವೆಂಬ ನಮ್ಮ ಸಂಕೋಚ. ಆ ಸಂಕೋಚದ ಬೆಲೆಯನ್ನು ತೆರುತ್ತಿರುವವರು ಸ್ತ್ರೀಯರಾದುದರಿಂದ, ಅದನ್ನು ಬದಿಗಿರಿಸಿ ಸ್ಪಷ್ಟವಾಗಿ ಮಾತನಾಡುವುದೇ ಇಲ್ಲಿ ಸಭ್ಯತೆಯೆಂದು ನಾನು ತಿಳಿದಿದ್ದೇನೆ.

ಆ ಬೆಲೆ ಎಷ್ಟೆಂಬುದಕ್ಕೆ ಲೆಕ್ಕವುಂಟು. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಶೇಕಡಾ 37.9 ಮಂದಿ ಸಂತಾನಶಕ್ತಿಹರಣ ಚಿಕಿತ್ಸೆಯನ್ನು ತಮ್ಮ ದೇಹದ ಮೇಲೆ ಮಾಡಿಸಿಕೊಂಡವರು. ಗಂಡನು ಮಾಡಿಸಿಕೊಂಡಿರುವ ದಂಪತಿಗಳು ಶೇಕಡಾ 0.3. ಕರ್ನಾಟಕದಲ್ಲಿಯಂತೂ ಅರ್ಧಕ್ಕೂ ಮಿಗಿಲಾದ ಸ್ತ್ರೀಯರು ಈ ಚಿಕಿತ್ಸೆಗೆ ಒಳಗಾಗಿದ್ದರೆ, ಪುರುಷರ ಪಾಲು ನೂರಕ್ಕೆ ಒಬ್ಬನನ್ನೂ ಮುಟ್ಟುವುದಿಲ್ಲ. 1930ರಲ್ಲಿಯೇ, ಜಗತ್ತಿನ ಬಹುತೇಕ ಸರ್ಕಾರಗಳು ಈ ಮಾತನ್ನೆತ್ತಲು ಅಂಜುತ್ತಿದ್ದ ಕಾಲದಲ್ಲಿ, ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಲು ಮುಂದಾದುದು ಮೈಸೂರು ಸಂಸ್ಥಾನ. ಅದೇ ನಾಡಿನ ಗಂಡಸರು ಇಂದು ಈ ಹೊಣೆಯಿಂದ ಪೂರ್ಣವಾಗಿ ವಿಮುಖರಾಗಿ ನಿಂತಿದ್ದಾರೆ. ‘ನಮ್ಮ ಸಂಸ್ಕೃತಿಯ ಪುರುಷನು ಇದಕ್ಕೆ ಒಪ್ಪುವುದಿಲ್ಲ’ ಎಂದು ಸಮಾಧಾನ ಹೇಳುವವರು ಚರಿತ್ರೆಯನ್ನು ನೋಡಿಲ್ಲ. 1960ರ ದಶಕದಲ್ಲಿ ಈ ದೇಶದಲ್ಲಿ ಸಂತಾನಶಕ್ತಿಹರಣ ಚಿಕಿತ್ಸೆಗೆ ಒಳಗಾಗುತ್ತಿದ್ದವರಲ್ಲಿ ಬಹುಪಾಲು ಪುರುಷರೇ ಆಗಿದ್ದರು. 1971ರ ಜುಲೈ ತಿಂಗಳಲ್ಲಿ ನೆರೆಯ ಕೇರಳದ ಎರ್ನಾಕುಲಂನಲ್ಲಿ ನಡೆದ ಒಂದೇ ಶಿಬಿರದಲ್ಲಿ 60,000ಕ್ಕೂ ಹೆಚ್ಚು ಗಂಡಸರು ವ್ಯಾಸೆಕ್ಟಮಿ ಮಾಡಿಸಿಕೊಂಡರು. ಅವರು ಬೇರೆ ಯಾವುದೋ ಸಂಸ್ಕೃತಿಯಿಂದ ಬಂದವರಲ್ಲ.

ಈಗ ದೇಹದ ವಿಚಾರಕ್ಕೆ ಬರೋಣ. ಪುರುಷನ ವೃಷಣಗಳು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಇವೆರಡರ ಭೇದವನ್ನು ಗ್ರಹಿಸಿದವನಿಗೆ ಉಳಿದ ವಾದವೆಲ್ಲವೂ ತಾನಾಗಿ ತಿಳಿಯುತ್ತದೆ. ಮೊದಲನೆಯದು ವೀರ್ಯಾಣುಗಳ ಉತ್ಪತ್ತಿ. ಅತಿಸೂಕ್ಷ್ಮವಾದ ಸುರುಳಿನಾಳಗಳಲ್ಲಿ ದಿನಂಪ್ರತಿ ಕೋಟ್ಯಂತರವಾಗಿ ಹುಟ್ಟುವ ಈ ಅಣುಗಳು, ಎರಡು ಪಕ್ಕದಲ್ಲಿಯೂ ಒಂದೊಂದರಂತೆ ಇರುವ, ಒಂದಡಿಗಿಂತ ತುಸು ಉದ್ದವಾದ ವೀರ್ಯನಾಳದ ಮೂಲಕ ಮೇಲೇರಿ ಹೋಗುತ್ತವೆ. ಎರಡನೆಯದು ಟೆಸ್ಟೊಸ್ಟಿರೋನ್ ಎಂಬ ರಸದ ಸ್ರಾವ. ಇದನ್ನು ಸ್ರವಿಸುವ ಕೋಶಗಳು ಆ ಸುರುಳಿನಾಳಗಳ ಒಳಗಿರದೆ ಅವುಗಳ ನಡುವಣ ಎಡೆಯಲ್ಲಿರುತ್ತವೆ. ಜರ್ಮನಿಯ ಶರೀರಶಾಸ್ತ್ರಜ್ಞ ಲೈಡಿಗ್ 1850ರಲ್ಲಿ ವಿವರಿಸಿದ ಕಾರಣ ಅವುಗಳಿಗೆ ಅವನ ಹೆಸರೇ ನಿಂತಿದೆ. ಗಡ್ಡಮೀಸೆಗಳಿಗೂ, ಧ್ವನಿಯ ಗಾಂಭೀರ್ಯಕ್ಕೂ, ಸ್ನಾಯುಗಳ ಬಲಕ್ಕೂ, ಕಾಮನೆಗೂ ಮೂಲವಾದ ಈ ರಸವು ವೀರ್ಯನಾಳದ ದಾರಿಯನ್ನು ಹಿಡಿಯುವುದೇ ಇಲ್ಲ. ಅದು ನೇರವಾಗಿ ರಕ್ತದಲ್ಲಿ ಬೆರೆತು ದೇಹವನ್ನೆಲ್ಲ ವ್ಯಾಪಿಸುತ್ತದೆ. ವ್ಯಾಸೆಕ್ಟಮಿಯಲ್ಲಿ ವೈದ್ಯನು ಕತ್ತರಿಸಿ ಮುಚ್ಚುವುದು ವೀರ್ಯನಾಳವನ್ನು ಮಾತ್ರ. ರಕ್ತನಾಳಗಳು ಹಾಗೆಯೇ ಉಳಿಯುತ್ತವೆ, ವೃಷಣಗಳು ಹಾಗೆಯೇ ಉಳಿಯುತ್ತವೆ. ಇಂದ್ರಿಯವನ್ನು ನಿಮಿರಿಸುವ ರಕ್ತಪ್ರವಾಹವಾಗಲಿ, ಅದನ್ನು ಆಳುವ ನರಗಳಾಗಲಿ, ಸ್ಪರ್ಶಸುಖವನ್ನು ಮಿದುಳಿಗೆ ಒಯ್ಯುವ ನರವಾಗಲಿ ಚಿಕಿತ್ಸೆ ನಡೆಯುವ ಸ್ಥಳದ ಹತ್ತಿರ ಕೂಡ ಸುಳಿಯುವುದಿಲ್ಲ. ಅವುಗಳ ಮಾರ್ಗ ಕಟಿಯ ಒಳಭಾಗದ್ದು. ಅಲ್ಲಿಗೆ ಕತ್ತಿಯೇ ತಲುಪದಿರುವಾಗ ಅಲ್ಲಿಯ ಶಕ್ತಿ ಅಳಿಯಿತೆಂದು ಹೇಳುವುದು ಯಾವ ನ್ಯಾಯ?

ಗಂಡಸರನ್ನು ಕಾಡುವ ಇನ್ನೊಂದು ಶಂಕೆ, ಸ್ಖಲನವೇ ನಿಂತುಹೋಗುತ್ತದೆ, ಸುಖವು ಒಣಗುತ್ತದೆ ಎಂಬುದು. ಸ್ಖಲನದಲ್ಲಿ ಹೊರಬರುವ ದ್ರವದ ಬಹುಭಾಗವು ಹುಟ್ಟುವುದು ನಾಳವನ್ನು ಕತ್ತರಿಸಿದ ಎಡೆಗಿಂತ ಬಹಳ ಮೇಲಿರುವ ವೀರ್ಯಕೋಶಗಳಲ್ಲಿ ಮತ್ತು ಪ್ರಾಸ್ಟೇಟ್ ಗ್ರಂಥಿಯಲ್ಲಿ. ವೀರ್ಯಾಣುಗಳ ಪಾಲು ನೂರರಲ್ಲಿ ಸುಮಾರು ಐದು ಮಾತ್ರ. ಅಷ್ಟು ಕಡಮೆಯಾದುದು ಬಣ್ಣದಿಂದಾಗಲಿ, ಪ್ರಮಾಣದಿಂದಾಗಲಿ, ಅನುಭವದಿಂದಾಗಲಿ ಗಂಡನಿಗೂ ತಿಳಿಯದು, ಹೆಂಡತಿಗೂ ತಿಳಿಯದು; ತಿಳಿಯುವುದು ಪ್ರಯೋಗಶಾಲೆಯ ಸೂಕ್ಷ್ಮದರ್ಶಕಕ್ಕೆ ಮಾತ್ರ. ಹೊರಬಾರದ ವೀರ್ಯಾಣುಗಳು ಒಳಗೆ ಕೂಡಿ ಕೊಳೆತು ವಿಷವಾಗುತ್ತವೆಯೆಂದು ಹೆದರಿಸುವವರೂ ಉಂಟು. ಅಣುಗಳು ಜೀರ್ಣವಾಗಿ ದೇಹದಲ್ಲಿ ಲೀನವಾಗುವುದು ಚಿಕಿತ್ಸೆ ಮಾಡಿಸಿಕೊಳ್ಳದವನಲ್ಲಿಯೂ ನಿತ್ಯವೂ ನಡೆಯುವ ಕ್ರಿಯೆ. ಇಲ್ಲಿ ಅದೇ ಕ್ರಿಯೆ ಮುಂದುವರಿಯುತ್ತದೆ.

ಈ ತಪ್ಪು ಕಲ್ಪನೆಯ ಮೂಲವೆಲ್ಲಿ ಎಂದು ಯೋಚಿಸಿದಾಗ ನನಗೆ ತೋರುವುದು ನಮ್ಮ ಕೃಷಿಜೀವನದ ಒಂದು ಪುರಾತನ ಅನುಭವ. ಹೋರಿಯ ಬೀಜ ಒಡೆದರೆ ಅದು ಎತ್ತಾಗುತ್ತದೆ. ಅದರ ಸೊಕ್ಕು ಅಡಗುತ್ತದೆ, ಹಸುವಿನ ಕಡೆಗೆ ಅದು ತಿರುಗಿಯೂ ನೋಡುವುದಿಲ್ಲ. ಇದನ್ನು ಕಣ್ಣಾರೆ ಕಂಡ ರೈತನು ‘ಗಂಡಸಿಗೆ ಮಾಡುವ ಆಪರೇಷನ್’ ಎಂದಾಕ್ಷಣ ಕೊಟ್ಟಿಗೆಯ ಚಿತ್ರವನ್ನೇ ಮನಸ್ಸಿಗೆ ತಂದುಕೊಳ್ಳುವುದು ಅಸಹಜವಲ್ಲ. ಆದರೆ ಹೋರಿಗೆ ಮಾಡುವುದೇನು? ಹಳೆಯ ಪದ್ಧತಿಯಲ್ಲಿ ವೃಷಣವನ್ನೇ ಜಜ್ಜುತ್ತಿದ್ದರು. ಇಟಲಿಯ ಪಶುವೈದ್ಯ ಬರ್ಡಿಜೋ ಕಲ್ಪಿಸಿದ ಇಕ್ಕಳದಿಂದ ಈಗ ಚರ್ಮ ಹರಿಯದಂತೆ ವೃಷಣರಜ್ಜುವನ್ನು ಒತ್ತಿ ಹಿಸುಕುತ್ತಾರೆ. ಆ ರಜ್ಜುವಿನೊಳಗೆ ವೀರ್ಯನಾಳದೊಡನೆ ರಕ್ತನಾಳಗಳೂ ಇರುತ್ತವೆ. ಅವು ಹಿಸುಕಿಹೋದುದರಿಂದ ವೃಷಣಕ್ಕೆ ರಕ್ತ ತಪ್ಪಿ, ಅದು ಬತ್ತಿ, ಪೌರುಷರಸವನ್ನು ಸ್ರವಿಸುವ ಕೋಶಗಳೂ ಅಳಿಯುತ್ತವೆ. ಎತ್ತಿನ ಸೌಮ್ಯತೆಗೆ ಕಾರಣ ರಕ್ತನಾಳದ ನಾಶ, ವೀರ್ಯನಾಳದ ಛೇದವಲ್ಲ.

ಇವೆರಡನ್ನು ಬೇರ್ಪಡಿಸಿ ನೋಡಿದ ಪ್ರಯೋಗವು ಇಂದು ನಿನ್ನೆಯದಲ್ಲ. 1823ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಆಸ್ಟ್ಲಿ ಕೂಪರ್ ಒಂದು ನಾಯಿಯ ಒಂದು ಪಕ್ಕದಲ್ಲಿ ವೃಷಣಕ್ಕೆ ಹೋಗುವ ರಕ್ತನಾಳಗಳನ್ನು ಕಟ್ಟಿದನು. ಮತ್ತೊಂದು ಪಕ್ಕದಲ್ಲಿ ವೀರ್ಯನಾಳವನ್ನು ಮಾತ್ರ ಕಟ್ಟಿದನು. ರಕ್ತ ತಪ್ಪಿದ ವೃಷಣವು ಕೊಳೆತುಹೋಯಿತು. ವೀರ್ಯನಾಳವನ್ನು ಕಟ್ಟಿದ ಪಕ್ಕದ ವೃಷಣವು ಆರು ವರ್ಷಗಳ ಅನಂತರವೂ ಬತ್ತದೆ ಉಳಿದಿತ್ತು. ನಮ್ಮ ಊರುಗಳ ಜಗಲಿಯ ಮೇಲೆ ಇಂದಿಗೂ ಚರ್ಚೆಯಾಗುವ ಪ್ರಶ್ನೆಗೆ ಒಂದೇ ಪ್ರಾಣಿಯ ಎಡಬಲಗಳಲ್ಲಿ ಉತ್ತರ ದೊರೆತು ಎರಡು ಶತಮಾನಗಳು ಕಳೆದಿವೆ.

ನಾಯಿಯ ಮಾತು ದೂರದ್ದೆನಿಸಿದರೆ, ಹೈನುಗಾರಿಕೆಯನ್ನು ಬಲ್ಲವರನ್ನು ವಿಚಾರಿಸಬಹುದು. ದೊಡ್ಡ ಗೋಶಾಲೆಗಳಲ್ಲಿಯೂ ಎಮ್ಮೆಗಳ ಕ್ಷೇತ್ರಗಳಲ್ಲಿಯೂ ಯಾವ ಪಶು ಬೆದೆಗೆ ಬಂದಿದೆಯೆಂದು ಪತ್ತೆಮಾಡುವುದಕ್ಕಾಗಿ ‘ಟೀಸರ್’ ಎಂದು ಕರೆಯುವ ಹೋರಿಯನ್ನೋ ಕೋಣವನ್ನೋ ಸಾಕುವುದುಂಟು. ಮೇಲುನೋಟಕ್ಕೆ ಬೆದೆಯ ಲಕ್ಷಣ ತೋರದ ಎಮ್ಮೆಗಳ ವಿಷಯದಲ್ಲಿ ಇದರ ಉಪಯೋಗ ಹೆಚ್ಚು. ಆ ಹೋರಿ ಬೆದೆಯನ್ನು ಮೂಸಿ ಗುರುತಿಸಬೇಕು, ಆಸಕ್ತಿಯಿಂದ ಮೇಲೇರಬೇಕು. ಆದರೆ ಗರ್ಭ ನಿಲ್ಲಬಾರದು, ಏಕೆಂದರೆ ಗರ್ಭಧಾರಣೆಯನ್ನು ಅನಂತರ ಕೃತಕ ವಿಧಾನದಿಂದ ಮಾಡಿಸಬೇಕಾಗಿದೆ. ಇಂಥ ಹೋರಿಯನ್ನು ಸಿದ್ಧಪಡಿಸುವ ಪ್ರಸಿದ್ಧ ವಿಧಾನಗಳಲ್ಲಿ ಒಂದು ವ್ಯಾಸೆಕ್ಟಮಿ. ಈ ಶಸ್ತ್ರಕ್ರಿಯೆಯಿಂದ ಕಾಮನೆ ಅಳಿಯುವಂತಿದ್ದರೆ ಆ ಹೋರಿಯಿಂದ ಯಾರಿಗೂ ಏನೂ ಪ್ರಯೋಜನವಾಗುತ್ತಿರಲಿಲ್ಲ. ಅದರ ಕಾಮನೆ ಪೂರ್ಣವಾಗಿ ಉಳಿಯುತ್ತದೆಯೆಂಬ ಭರವಸೆಯ ಮೇಲೆಯೇ ಪಶುವೈದ್ಯನು ಅದನ್ನು ಆ ಕೆಲಸಕ್ಕೆ ನಿಯಮಿಸುತ್ತಾನೆ. ಕೊಟ್ಟಿಗೆಯಿಂದ ಹುಟ್ಟಿದ ಭಯಕ್ಕೆ ಕೊಟ್ಟಿಗೆಯಲ್ಲಿಯೇ ಸಮಾಧಾನವುಂಟು. ನಮ್ಮ ಜನ ಎತ್ತನ್ನು ಮಾತ್ರ ನೋಡಿದರು, ಈ ಹೋರಿಯನ್ನು ನೋಡಲಿಲ್ಲ.

ಎರಡನೆಯ ಮೂಲವು ಇನ್ನೂ ಗಂಭೀರವಾದುದು. ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಸಪ್ತಧಾತುಗಳ ಕ್ರಮದಲ್ಲಿ ಶುಕ್ರವೇ ಕೊನೆಯದು, ಶ್ರೇಷ್ಠವಾದುದು ಎಂಬ ಪ್ರಾಚೀನ ವಿಚಾರವು ಲೋಕದ ಬಾಯಿಗೆ ಬಿದ್ದು, ನಲವತ್ತು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯವೆಂಬ ಗಣಿತವಾಗಿ, ವೀರ್ಯನಷ್ಟವೆಂದರೆ ಪ್ರಾಣನಷ್ಟವೆಂಬ ಭೀತಿಯಾಗಿ ಪರಿಣಮಿಸಿದೆ. ಈ ಭೀತಿಯಿಂದ ನರಳುವ ಯುವಕರನ್ನು ಕಂಡು, 1960ರಲ್ಲಿ ನಮ್ಮ ಮನೋವೈದ್ಯ ಎನ್. ಎನ್. ವಿಗ್ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂಬ ಹೆಸರನ್ನೇ ಕೊಡಬೇಕಾಯಿತು. ಆಯುರ್ವೇದದ ಹೆಸರಿನಲ್ಲಿ ವ್ಯಾಸೆಕ್ಟಮಿಯನ್ನು ಹಳಿಯುವವರನ್ನು ಅವರದೇ ಭೂಮಿಕೆಯಲ್ಲಿ ನಿಂತು ಕೇಳಬಹುದು: ಶುಕ್ರಧಾತುವು ಯಾವುದೋ ಒಂದು ಚೀಲದಲ್ಲಿ ಕೂಡಿಟ್ಟುದಲ್ಲ, ಸರ್ವಾಂಗವನ್ನೂ ವ್ಯಾಪಿಸಿಕೊಂಡುದು ಎಂಬುದು ಚರಕ ಸುಶ್ರುತ ಸಂಹಿತೆಗಳ ನಿಲುವಾಗಿರುವಾಗ, ಅಂಗುಲದಷ್ಟಿಲ್ಲದ ಒಂದು ನಾಳದ ತುಂಡನ್ನು ತೆಗೆದ ಮಾತ್ರಕ್ಕೆ ಆ ಸರ್ವವ್ಯಾಪಿಯಾದ ಧಾತುವು ಹೇಗೆ ಕ್ಷಯಿಸುತ್ತದೆ? ವೀರ್ಯವು ಹೊರಹೋಗುವುದೇ ಹಾನಿಯೆಂಬುದು ನಿಮ್ಮ ಮತವಾದರೆ, ಅದರ ಸಾರಭೂತವಾದ ಅಂಶವನ್ನು ಹೊರಹೋಗದಂತೆ ತಡೆದು ದೇಹದಲ್ಲಿಯೇ ಲಯಗೊಳಿಸುವ ಈ ಕ್ರಿಯೆಯನ್ನು ನೀವು ಬಲವರ್ಧಕವೆಂದು ಹೊಗಳಬೇಕಾಗಿತ್ತಲ್ಲವೆ?

ಹಾಗೆ ಹೊಗಳಿದವರೂ ಇದ್ದರೆಂಬುದು ಈ ಚರಿತ್ರೆಯ ಒಂದು ವಿಸ್ಮಯ. ವಿಯೆನ್ನಾ ನಗರದ ಶರೀರಶಾಸ್ತ್ರಜ್ಞ ಒಯ್ಗೆನ್ ಶ್ಟೈನಾಖ್, ಮೊದಲನೆಯ ಮಹಾಯುದ್ಧದ ಕೊನೆಯ ದಿನಗಳಲ್ಲಿ, ವೀರ್ಯನಾಳವನ್ನು ಕಟ್ಟಿದರೆ ವೀರ್ಯಾಣುಗಳನ್ನು ಹುಟ್ಟಿಸುವ ಅಂಶವು ಕುಗ್ಗಿ, ಪೌರುಷರಸವನ್ನು ಸ್ರವಿಸುವ ಕೋಶಗಳು ಬೆಳೆದು, ಮುದುಕನಿಗೆ ಯೌವನ ಮರಳುವುದೆಂದು ಸಾರಿದನು. 1920ರ ದಶಕದ ಯೂರೋಪಿನಲ್ಲಿ ಪ್ರಸಿದ್ಧರು ಈ ಚಿಕಿತ್ಸೆಗಾಗಿ ಮುಗಿಬಿದ್ದರು. 1923ರಲ್ಲಿ ಸಿಗ್ಮಂಡ್ ಫ್ರಾಯ್ಡ್ ತನ್ನ ಬಾಯಿಯ ಅರ್ಬುದವು ಮರುಕಳಿಸದಿರಲೆಂಬ ಆಶೆಯಿಂದ ಮಾಡಿಸಿಕೊಂಡನು. 1934ರಲ್ಲಿ ಐರ್ಲೆಂಡಿನ ಕವಿ ಯೇಟ್ಸ್ ತನ್ನ ಇಳಿವಯಸ್ಸಿನಲ್ಲಿ ಲಂಡನ್ನಿನ ವೈದ್ಯ ನಾರ್ಮನ್ ಹೇರ್‌ನ ಕೈಯಿಂದ ಮಾಡಿಸಿಕೊಂಡು, ತನಗೆ ಸೃಷ್ಟಿಶಕ್ತಿಯೂ ಕಾಮಶಕ್ತಿಯೂ ಹೊಸದಾಗಿ ಬಂದುವೆಂದು ದೃಢವಾಗಿ ನಂಬಿದನು. ಆ ಬಳಿಕ 1935ರಲ್ಲಿ ಹೋರಿಗಳ ವೃಷಣದಿಂದ ಟೆಸ್ಟೊಸ್ಟಿರೋನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ರಕ್ತದಲ್ಲಿ ಅದರ ಪ್ರಮಾಣವನ್ನು ಅಳೆಯುವ ವಿದ್ಯೆಯೂ ಮುಂದೆ ಕೈಗೂಡಿತು. ಅಳೆದು ನೋಡಿದಾಗ ನಾಳವನ್ನು ಕತ್ತರಿಸಿದುದರಿಂದ ಆ ರಸವು ಕುಂದುವುದಿಲ್ಲವೆಂದು ತಿಳಿದುಬಂದಿತು. ಶ್ಟೈನಾಖನು ಆಶಿಸಿದ ಪುನರ್ಯೌವನಕ್ಕೂ ಆಧಾರ ದೊರೆಯಲಿಲ್ಲ. ಅಂದಿನ ವಿಯೆನ್ನಾದ ವೃದ್ಧನು ಯಾವ ನಾಳದ ಛೇದದಿಂದ ತಾನು ಯುವಕನಾದೆನೆಂದು ಹಿಗ್ಗಿದನೋ, ಅದೇ ನಾಳದ ಛೇದದಿಂದ ಇಂದಿನ ಮಂಡ್ಯದ ಯುವಕನು ತಾನು ಮುದುಕನಾಗುವೆನೆಂದು ನಡುಗುತ್ತಾನೆ. ಇಬ್ಬರ ದೇಹದಲ್ಲಿಯೂ ಆದ ವ್ಯತ್ಯಾಸ ಒಂದೇ. ಇಬ್ಬರ ಅನುಭವವನ್ನೂ ನಿರ್ಮಿಸಿದುದು ಅವರವರ ನಿರೀಕ್ಷೆ.

ನಿರೀಕ್ಷೆಯ ಈ ಶಕ್ತಿಯನ್ನು ನಾನು ಲಘುವಾಗಿ ಎಣಿಸುವವನಲ್ಲ. ‘ಆಪರೇಷನ್ ಆದಮೇಲೆ ನನಗೆ ಮೊದಲಿನ ಹಾಗಿಲ್ಲ’ ಎನ್ನುವವನು ಸುಳ್ಳಾಡುತ್ತಿದ್ದಾನೆಂದು ತಳ್ಳಿಹಾಕುವುದು ಅನ್ಯಾಯ. ಭಯದಿಂದ ಕೂಡಿದ ಮನಸ್ಸು ಅಡ್ರಿನಲಿನ್ ರಸವನ್ನು ಹೆಚ್ಚಿಸಿ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ತನ್ನ ಶಕ್ತಿಯನ್ನು ತಾನೇ ಪರೀಕ್ಷಿಸಲು ಹೊರಟವನಿಗೆ ಆ ಪರೀಕ್ಷೆಯೇ ವಿಘ್ನವಾಗುತ್ತದೆ. ಇದು ಮನಸ್ಸಿನಿಂದ ಬಂದ ವ್ಯಥೆಯಾದರೂ ನಿಜವಾದ ವ್ಯಥೆ, ವೈದ್ಯನ ಸಹಾನುಭೂತಿಗೆ ಅರ್ಹವಾದ ವ್ಯಥೆ. ಇನ್ನೊಂದು ಕಾರಣವನ್ನೂ ಗಮನಿಸಬೇಕು. ಮೂವತ್ತೈದು ನಲವತ್ತರ ಪ್ರಾಯದಲ್ಲಿ ಗಂಡಸು ಈ ಚಿಕಿತ್ಸೆಗೆ ಬರುತ್ತಾನೆ. ಅದೇ ಪ್ರಾಯದಲ್ಲಿ ಸಕ್ಕರೆ ಕಾಯಿಲೆಯೂ, ರಕ್ತದೊತ್ತಡವೂ, ಬೀಡಿ ಸಿಗರೇಟು ಮದ್ಯಗಳ ಫಲವೂ ಅವನ ರಕ್ತನಾಳಗಳನ್ನು ಹಿಡಿಯತೊಡಗುತ್ತವೆ. ಇಂದ್ರಿಯದ ದೌರ್ಬಲ್ಯವು ಇಂಥ ರೋಗಗಳ, ಕೆಲವೊಮ್ಮೆ ಹೃದ್ರೋಗದ, ಮುಂಗುರುತಾಗಿರುವುದುಂಟು. ತಪ್ಪನ್ನೆಲ್ಲ ವ್ಯಾಸೆಕ್ಟಮಿಯ ಮೇಲೆ ಹೊರಿಸಿದವನು ರಕ್ತಪರೀಕ್ಷೆ ಮಾಡಿಸಿಕೊಳ್ಳದೆ, ಬಸ್ ನಿಲ್ದಾಣದ ಗೋಡೆಗಳ ಮೇಲೆ ಗುಪ್ತರೋಗ ತಜ್ಞರೆಂದು ಬರೆಸಿಕೊಂಡವರ ಬಳಿಗೆ ಹೋಗಿ ಹಣವನ್ನೂ ಕಾಲವನ್ನೂ ಕಳೆಯುತ್ತಾನೆ. ಅಪವಾದವು ಇಲ್ಲಿ ಅಜ್ಞಾನವನ್ನು ದಾಟಿ ಅಪಾಯವಾಗುತ್ತದೆ.

ಜನರ ಭಯಕ್ಕೆ ರಾಜಕೀಯ ಚರಿತ್ರೆಯ ಕಾರಣವೂ ಉಂಟು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976–77ರ ಒಂದೇ ವರ್ಷದಲ್ಲಿ, ಎಂಬತ್ತು ಲಕ್ಷಕ್ಕೂ ಹೆಚ್ಚು ಮಂದಿಗೆ ಸಂತಾನಶಕ್ತಿಹರಣವಾಯಿತು. ಅವರಲ್ಲಿ ಅರುವತ್ತು ಲಕ್ಷಕ್ಕೂ ಹೆಚ್ಚು ಮಂದಿ ಗಂಡಸರು. ಗುರಿ ಮುಟ್ಟದ ನೌಕರರ ಸಂಬಳ ತಡೆದರು. ಹರಿಯಾಣದ ಉತ್ತಾವರ್ ಗ್ರಾಮವನ್ನು ಪೊಲೀಸರು ಸುತ್ತುಗಟ್ಟಿ ಗಂಡಸರನ್ನು ಎಳೆದೊಯ್ದರು. ಶಸ್ತ್ರಕ್ರಿಯೆಗೆ ಸಂಬಂಧಿಸಿದ 1,774 ಸಾವುಗಳನ್ನು, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗ ದಾಖಲಿಸಿತು. ಬಲಾತ್ಕಾರದಿಂದ ತನ್ನ ಮೈಮೇಲೆ ಕತ್ತಿಯಾಡಿಸಿಕೊಂಡವನು ತನ್ನ ಮಾನವನ್ನು ಕಳೆದುಕೊಂಡೆನೆಂದು ಹೇಳಿದರೆ ಅದು ಸತ್ಯವೇ. ಆದರೆ ಆ ಮಾನವನ್ನು ಅಪಹರಿಸಿದುದು ಸರ್ಕಾರದ ದಂಡಬಲ, ವೀರ್ಯನಾಳದ ಛೇದವಲ್ಲ. ಆ ಅತ್ಯಾಚಾರದ ಸ್ಮೃತಿಯು ತಲೆಮಾರುಗಳನ್ನು ದಾಟುವಾಗ ಈ ವಿವೇಕವನ್ನು ಕಳೆದುಕೊಂಡಿತು. ಚಿಕಿತ್ಸೆಗೇ ಕಳಂಕ ಹತ್ತಿತು. ಅದಾದ ಮೇಲೆ ಸರ್ಕಾರಗಳು ಮಾಡಿದುದೇನು? ಗಂಡಸರ ಮತಕ್ಕೆ ಅಂಜಿ, ಗುರಿಗಳ ಭಾರವನ್ನು ಮೌನವಾಗಿ ಹೆಂಗಸರ ಮೇಲೆ ವರ್ಗಾಯಿಸಿದವು. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರದ ಬಳಿ, ಒಂದೇ ದಿನದಲ್ಲಿ ಒಬ್ಬ ಶಸ್ತ್ರವೈದ್ಯನು 83 ಸ್ತ್ರೀಯರಿಗೆ ಚಿಕಿತ್ಸೆ ಮಾಡಿದ ಶಿಬಿರದ ಬೆನ್ನಲ್ಲಿಯೇ ಹನ್ನೆರಡಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇಂಥ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಆಜ್ಞಾಪಿಸಬೇಕಾಯಿತು. ಪುರುಷನಿಗೆ ಸ್ಥಳೀಯ ಅರಿವಳಿಕೆಯಲ್ಲಿ, ಚೀನದ ವೈದ್ಯ ಲೀ ಶುನ್‌ಚಿಯಾಂಗ್ 1974ರಲ್ಲಿ ರೂಪಿಸಿದ ಕತ್ತಿಯಿಲ್ಲದ ವಿಧಾನದಿಂದ, ಹೊಲಿಗೆಯೂ ಇಲ್ಲದೆ ಕಾಲು ಗಂಟೆಯೊಳಗೆ ಮುಗಿಯುವ ಕೆಲಸಕ್ಕೆ ಪರ್ಯಾಯವಾಗಿ ಸ್ತ್ರೀಯ ಉದರವನ್ನು ತೆರೆಯಲಾಗುತ್ತಿದೆಯೆಂಬುದನ್ನು ಮರೆಯುವಂತಿಲ್ಲ.

ಪ್ರಚಾರಕರ ಮೇಲೆಯೂ ನನಗೊಂದು ದೂರುಂಟು. ‘ಏನೂ ಆಗುವುದಿಲ್ಲ, ಹೆದರಬೇಡಿ’ ಎಂಬ ಒಂದೇ ಮಾತಿನಿಂದ ಸಂಶಯವನ್ನು ಗೆಲ್ಲಬಹುದೆಂದು ಅವರು ಭಾವಿಸಿದ್ದಾರೆ. ಅರ್ಧಸತ್ಯದಿಂದ ವಿಶ್ವಾಸ ಹುಟ್ಟದು. ಗಂಡಸಿಗೆ ಹೇಳಬೇಕಾದುದನ್ನು ಪೂರ್ತಿಯಾಗಿ ಹೇಳಬೇಕು. ಮೊದಲ ಕೆಲವು ದಿನ ಬಾವು, ನೋವು, ಚರ್ಮ ಕಂದುವುದು ಇರುತ್ತದೆ. ನೋವು ಶಮನವಾದ ಮೇಲೆ, ಸಾಮಾನ್ಯವಾಗಿ ಒಂದು ವಾರದ ಸುಮಾರಿಗೆ, ಸಂಭೋಗಕ್ಕೆ ಅಡ್ಡಿಯಿಲ್ಲ. ಮೊದಮೊದಲು ವೀರ್ಯದಲ್ಲಿ ರಕ್ತದ ಛಾಯೆ ಕಂಡರೆ ಗಾಬರಿಯಾಗಬಾರದು. ಆ ವಾರ ಭಾರ ಎತ್ತಬೇಡವೆಂದು ವೈದ್ಯನು ಹೇಳುವ ತಾತ್ಕಾಲಿಕ ಎಚ್ಚರಿಕೆಯೇ ಬಾಯಿಂದ ಬಾಯಿಗೆ ಹಬ್ಬಿ ‘ಆಮೇಲೆ ಭಾರವೇ ಎತ್ತಲಾಗದು’ ಎಂಬ ಶಾಶ್ವತ ಶಾಪವಾಗಿ ಬೆಳೆದಿರಬೇಕೆಂದು ನನ್ನ ಊಹೆ. ನೂರರಲ್ಲಿ ಒಬ್ಬಿಬ್ಬರಿಗೆ ವೃಷಣದ ಭಾಗದಲ್ಲಿ ಬಹುಕಾಲ ಉಳಿಯುವ ನೋವು ಬರುವುದುಂಟು, ಅಂಥವರ ದಾಂಪತ್ಯಕ್ಕೆ ಅದು ಬಾಧಕವಾಗುವುದೂ ಉಂಟು. ಅದು ನಿಜವಾದ ತೊಡಕು, ಚಿಕಿತ್ಸೆಗೆ ಯೋಗ್ಯವಾದ ತೊಡಕು, ಅದನ್ನು ಮುಂಚೆಯೇ ತಿಳಿಸದಿರುವುದು ವಂಚನೆ. ಲೈಂಗಿಕ ರೋಗಗಳಿಂದ ಈ ಚಿಕಿತ್ಸೆ ರಕ್ಷಣೆ ಕೊಡುವುದಿಲ್ಲವೆಂದೂ ಹೇಳಬೇಕು.

ಎಲ್ಲಕ್ಕಿಂತ ಮುಖ್ಯವಾಗಿ ಹೇಳಬೇಕಾದುದು ಮೂರು ತಿಂಗಳ ವಿಷಯ. ಛೇದಿಸಿದ ಸ್ಥಳದಿಂದ ಮೇಲೆ ನಾಳದಲ್ಲಿ ಉಳಿದ ವೀರ್ಯಾಣುಗಳು ಖಾಲಿಯಾಗುವುದಕ್ಕೆ ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ನಿರೋಧ್ ಮುಂತಾದ ಬೇರೆ ಉಪಾಯವನ್ನು ಅವಲಂಬಿಸಿ, ಅನಂತರ ವೀರ್ಯಪರೀಕ್ಷೆ ಮಾಡಿಸಿ, ಅಣುಗಳಿಲ್ಲವೆಂದು ಖಚಿತವಾದ ಮೇಲೆಯೇ ನಿಶ್ಚಿಂತರಾಗಬೇಕು. ಈ ಮಾತನ್ನು ಸ್ಪಷ್ಟವಾಗಿ ತಿಳಿಸದಿದ್ದಾಗ ಆಗುವ ಅನರ್ಥ ಸಣ್ಣದಲ್ಲ. ಚಿಕಿತ್ಸೆಯಾದ ಮರುತಿಂಗಳೇ ಹೆಂಡತಿ ಗರ್ಭಿಣಿಯಾದರೆ ಊರು ಬೆರಳು ತೋರಿಸುವುದು ವೈದ್ಯನ ಕಡೆಗಲ್ಲ, ಅವಳ ಶೀಲದ ಕಡೆಗೆ. ಪರೀಕ್ಷೆ ಸರಿಯಾಗಿ ಮುಗಿದ ಮೇಲೆಯೂ ಎರಡು ಸಾವಿರದಲ್ಲಿ ಒಬ್ಬರ ಸುಮಾರಿಗೆ ನಾಳವು ತಾನೇ ಕೂಡಿಕೊಂಡು ಗರ್ಭ ನಿಲ್ಲುವ ಸಂಭವವುಂಟು. ಯಾವ ತಪ್ಪನ್ನೂ ಮಾಡದ ಹೆಂಗಸು ತನ್ನ ಮನೆಯಲ್ಲಿಯೇ ಅಪರಾಧಿಯಾಗಿ ನಿಲ್ಲುವಂತಾಗುವುದು, ಗಂಡನಿಗೆ ಐದು ನಿಮಿಷ ಕುಳಿತು ತಿಳಿಯಹೇಳಬೇಕಾದವರು ಹೇಳದೆ ಹೋದುದರ ಫಲ. ಈ ಚಿಕಿತ್ಸೆಯ ವಿಷಯದಲ್ಲಿ ನನಗೆ ನಿಜವಾಗಿ ಭಯವೆಂಬುದಿದ್ದರೆ ಅದು ಇದರ ಬಗ್ಗೆ. ಪೌರುಷದ ಬಗ್ಗೆ ಅಲ್ಲ.

ಹಾಗಾದರೆ ಚಿಕಿತ್ಸೆಯ ಅನಂತರ ಗಂಡಸು ನಿರೀಕ್ಷಿಸಬೇಕಾದುದೇನು? ಕಾಮನೆ ಮೊದಲಿನಂತೆ, ನಿಮಿರುವಿಕೆ ಮೊದಲಿನಂತೆ, ಸ್ಖಲನವೂ ಅದರ ಸುಖವೂ ಮೊದಲಿನಂತೆ. ಅದರಿಂದ ಯೌವನ ಮರಳದು. ಹಳಸಿದ ದಾಂಪತ್ಯ ತಾನಾಗಿ ಹಸನಾಗದು. ಹೆಂಡತಿಯ ಮನಸ್ಸನ್ನು ಅರಿಯದವನು ಅರಿತವನಾಗನು. ಆದರೂ ಒಂದು ವ್ಯತ್ಯಾಸವನ್ನು ಅನೇಕ ದಂಪತಿಗಳು ಒಪ್ಪಿಕೊಳ್ಳುತ್ತಾರೆ. ತಿಂಗಳು ತಿಂಗಳೂ ದಿನ ಎಣಿಸುವ ಕಳವಳ, ಮುಟ್ಟು ಒಂದೆರಡು ದಿನ ತಡವಾದರೆ ಹೆಂಗಸಿನ ಎದೆಯಲ್ಲಿ ಏಳುವ ತಲ್ಲಣ, ಆ ತಲ್ಲಣದ ನೆನಪಿನಿಂದ ಗಂಡನ ಸ್ಪರ್ಶಕ್ಕೇ ಹಿಂಜರಿಯುವ ಅವಳ ಮೈ, ಇವೆಲ್ಲ ನೀಗಿದ ಮನೆಯಲ್ಲಿ ಪ್ರಣಯಕ್ಕೆ ನಿರಾತಂಕವಾದ ಅವಕಾಶ ದೊರೆಯುತ್ತದೆ. ಸ್ತ್ರೀಯ ಭಯವು ಪುರುಷನ ಸುಖವನ್ನು ಎಷ್ಟು ಕಾಲದಿಂದ ಕಡಮೆಮಾಡುತ್ತಿತ್ತೆಂಬುದು ಆ ಭಯ ಹೋದ ಮೇಲೆ ಮಾತ್ರ ಅವನಿಗೆ ತಿಳಿದೀತು. ಕೆನಡಾದಲ್ಲಿಯೂ ದಕ್ಷಿಣ ಕೊರಿಯಾದಲ್ಲಿಯೂ ಹತ್ತು ದಂಪತಿಗಳಲ್ಲಿ ಒಬ್ಬರಿಗೂ ಮಿಗಿಲಾಗಿ ಈ ಮಾರ್ಗವನ್ನು ಹಿಡಿದಿದ್ದಾರೆ. ನಮ್ಮ ನೆರೆಯ ಭೂತಾನದ ಗಂಡಸರೂ ಇದಕ್ಕೆ ಹಿಂಜರಿದವರಲ್ಲ. ಆ ದೇಶಗಳ ಸಂಸಾರಗಳು ಇದರಿಂದ ನಿಸ್ಸಾರವಾದುವೆಂದು ಯಾರೂ ಹೇಳಿಲ್ಲ.

ವಿರೋಧಿಸುವವರಲ್ಲಿ ಹೆಂಗಸರೂ ಉಂಟು ಎಂಬುದನ್ನು ಬಲ್ಲೆ. ‘ಅವರು ದುಡಿಯೋರು, ಅವರಿಗೇನಾದರೂ ಆದರೆ ಮನೆ ನಡೆಯೋದು ಹೇಗೆ, ನನಗೇ ಆಗಲಿ’ ಎಂದು ಮುಂದೆ ಬರುವ ಹೆಂಡತಿ, ‘ನನ್ನ ಮಗನಿಗೆ ಮಾತ್ರ ಬೇಡ’ ಎಂದು ಕಣ್ಣೀರಿಡುವ ಅತ್ತೆ, ಇಬ್ಬರೂ ಈ ಅಪವಾದವನ್ನು ನಂಬಿಯೇ ಹಾಗೆ ಆಡುತ್ತಾರೆ. ಆದರೆ ಹೊಲದಲ್ಲಿ ಕಳೆ ಕೀಳುವವಳೂ, ಗಾರ್ಮೆಂಟ್ ಕಾರ್ಖಾನೆಯಲ್ಲಿ ದಿನವೆಲ್ಲ ಯಂತ್ರದ ಮುಂದೆ ಕೂರುವವಳೂ, ಬಂದು ಒಲೆ ಹಚ್ಚುವವಳೂ ಆಕೆಯೇ ಅಲ್ಲವೆ? ಅವಳ ದುಡಿಮೆ ನಿಂತರೂ ಮನೆ ನಡೆಯದು. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗರ್ಭನಿರೋಧವು ಹೆಂಗಸರಿಗೆ ಸೇರಿದ ಕೆಲಸ, ಗಂಡಸು ಅದರ ಗೊಡವೆಗೆ ಹೋಗಬೇಕಾಗಿಲ್ಲ ಎಂಬ ಮಾತನ್ನು ಮೂವರು ಗಂಡಸರಲ್ಲಿ ಒಬ್ಬನು ಒಪ್ಪಿದ್ದಾನೆ. ಪೌರುಷನಾಶದ ಕಥೆಯು ಈ ಮನೋಭಾವಕ್ಕೆ ಒಂದು ಗೌರವಯುತವಾದ ಹೊದಿಕೆಯನ್ನು ಒದಗಿಸಿದೆಯೆಂಬುದೇ ನನ್ನ ಆರೋಪದ ತಿರುಳು.

ಕೊನೆಗೆ ಉಳಿಯುವ ಆಕ್ಷೇಪ ಒಂದೇ, ಅದು ತೂಕವುಳ್ಳದ್ದು. ಕತ್ತರಿಸಿದ ನಾಳವನ್ನು ಸೂಕ್ಷ್ಮ ಶಸ್ತ್ರಕ್ರಿಯೆಯಿಂದ ಮರಳಿ ಜೋಡಿಸಬಹುದಾದರೂ ಸಂತಾನವಾಗುವ ಭರವಸೆಯಿಲ್ಲ. ಆದುದರಿಂದ ಇದನ್ನು ಶಾಶ್ವತವೆಂದೇ ತಿಳಿದು ನಿರ್ಧರಿಸಬೇಕು. ‘ನಾಳೆ ಮಕ್ಕಳಿಗೇನಾದರೂ ಆದರೆ? ಹೆಂಡತಿ ತೀರಿಕೊಂಡು ನಾನು ಮರುಮದುವೆಯಾಗಬೇಕಾಗಿ ಬಂದರೆ?’ ಎಂದು ಗಂಡಸು ಒಳಗೊಳಗೇ ಲೆಕ್ಕ ಹಾಕುವುದುಂಟು. ಮನಸ್ಸು ಇನ್ನೂ ತೂಗುತ್ತಿರುವವನು, ಇಬ್ಬರ ಸಮ್ಮತಿಯಿಲ್ಲದವನು, ಹಣದ ಆಶೆಗೋ ಅಧಿಕಾರಿಯ ಒತ್ತಾಯಕ್ಕೋ ಒಳಗಾದವನು ಇದಕ್ಕೆ ಕೈ ಹಾಕಬಾರದೆಂದೇ ನಾನೂ ಹೇಳುತ್ತೇನೆ. ಆದರೆ ಹೆಂಡತಿಗೆ ಸಂತಾನಶಕ್ತಿಹರಣ ಚಿಕಿತ್ಸೆ ಮಾಡಿಸುವಾಗ ಈ ಲೆಕ್ಕವನ್ನು ಯಾರಾದರೂ ಅವಳ ಪರವಾಗಿ ಹಾಕಿದ್ದಾರೆಯೆ? ಗಂಡ ಸತ್ತು ಅವಳು ಇನ್ನೊಂದು ಬಾಳನ್ನು ಕಟ್ಟಿಕೊಳ್ಳಬೇಕಾಗಬಹುದೆಂದು, ಆಗ ಅವಳಿಗೂ ಒಂದು ಮಗು ಬೇಕೆನಿಸಬಹುದೆಂದು, ಆ ದಾರಿಯನ್ನು ತೆರೆದಿಡಬೇಕೆಂದು ಯಾವ ಮನೆಯ ಹಿರಿಯರು ಯೋಚಿಸಿದರು? ಮುಂದಿನ ಸಾಧ್ಯತೆಗಳನ್ನೆಲ್ಲ ತನಗಾಗಿ ಉಳಿಸಿಕೊಂಡು, ಅವಳವನ್ನು ಮಾತ್ರ ಮುಚ್ಚಿಸಲು ಬಯಸುವ ಗಂಡನು ಆ ಮಾತನ್ನು ಅವಳ ಎದುರಿಗೆ ಕುಳಿತು ಹೇಳಲಿ, ಅವಳ ಉತ್ತರವನ್ನು ಕೇಳಲಿ; ತನ್ನ ಗಂಡಸ್ತನಕ್ಕೆ ಅಪಾಯವಿದೆಯೆಂಬ ಸುಳ್ಳನ್ನು ಆ ಮಾತಿಗೆ ಬದಲಾಗಿ ಮುಂದೊಡ್ಡುವ ಹಕ್ಕು ಅವನಿಗಿಲ್ಲ.